ಹೊಲದ ಗಂಧಕ್ಕೆ ಒಡೆಯ ಯಾರು? ಕಾನೂನು ಬದಲಾಯ್ತು, ಕಾವಲು ಬದಲಾಗಲಿಲ್ಲ

ಹೊಸಹಳ್ಳಿ ಮೆಟ್ರೋ ನಿಲ್ದಾಣದಲ್ಲಿ ರೈಲು ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡರೆ, ರಾಜಾಜಿನಗರ, ಮಹಾಲಕ್ಷ್ಮಿ ದಾಟುತ್ತಲೇ ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’ ಬರುತ್ತೆ. ಒಂದು ಸೋಪಿನ ಹೆಸರು ಹೊತ್ತ ರೈಲು ನಿಲ್ದಾಣ! ಅದೇ ಹೊಸಹಳ್ಳಿಯಿಂದ ಇನ್ನೊಂದು ದಿಕ್ಕಿಗೆ, ಮಾಗಡಿ ರಸ್ತೆ ಹಿಡಿದು ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ತಾವರೆಕೆರೆ ದಾಟಿದರೆ ಹೊಲ ಕಾಣಲು ಶುರು. ಆ ಕಡೆಯ ಬದುಗಳಲ್ಲಿ, ಬೇಲಿ ಸಾಲುಗಳಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಗಂಧದ ಸಸಿ ತಾನಾಗೇ ಹುಟ್ಟುವುದು ಹೊಸದೇನಲ್ಲ.

ಒಂದು ಕಡೆ ಸೋಪು, ಇನ್ನೊಂದು ಕಡೆ ಸಸಿ. ನಡುವೆ ನಾವು. ನಮ್ಮ ಹೊಸಹಳ್ಳಿಯ ಹೆಸರಿನಲ್ಲಿ ಮಾತ್ರ ಹಳ್ಳಿ ಉಳಿದಿದೆ. ಹೊಲ ಹೋಗಿ ಬಹಳ ಕಾಲವಾಯ್ತು. ಆದರೆ ಇಲ್ಲಿ ಅಂಗಡಿ ಇಟ್ಟವರಲ್ಲಿ, ಬೆಳಿಗ್ಗೆ ಡಬ್ಬಿ ಹಿಡಿದು ಬಸ್ಸಿಗೆ ಓಡುವವರಲ್ಲಿ, ಮಾಗಡಿ, ಸೋಲೂರು, ಕುಣಿಗಲ್ ಕಡೆ ಅಪ್ಪನ ಹೆಸರಿನಲ್ಲಿ ಎಕರೆ, ಎರಡೆಕರೆ ಇಟ್ಟುಕೊಂಡವರು ಕಡಿಮೆ ಇಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ತಮ್ಮ ಕೇಳ್ತಾನೆ: ‘ಅಣ್ಣ, ನೀಲಗಿರಿ ಕಿತ್ತಾಯ್ತು. ಇನ್ನೇನು ಹಾಕೋಣ? ಗಂಧ ಹಾಕೋಣ್ವಾ?’ ಅಣ್ಣನ ಉತ್ತರ ಸಿದ್ಧವಾಗಿರುತ್ತೆ: ‘ಗಂಧವಾ! ಫಾರೆಸ್ಟಿನವರು ಹಿಡ್ಕೊಂಡು ಹೋಗಲ್ವೇನೋ?’

ಈ ಅಣ್ಣನ ಹೆದರಿಕೆ ಎಲ್ಲಿಂದ ಬಂತು, ಈಗ ಅದು ಎಷ್ಟು ಸರಿ, ತಮ್ಮನ ಆಸೆಯಲ್ಲಿ ಎಷ್ಟು ಹುರುಳಿದೆ? ಇವತ್ತು ಅದನ್ನೇ ಸ್ವಲ್ಪ ನೋಡೋಣ. ಮದ್ದಿನ ಗಿಡ, ಸುಗಂಧದ ಗಿಡ ಬೆಳೆದು ಭೂಮಿ ಉಳಿಸಿಕೊಳ್ಳಿ ಅಂತ ಸಭೆಗಳಲ್ಲಿ ಹೇಳುವುದು ಸುಲಭ. ನಮ್ಮ ನಾಡಿನಲ್ಲಿ ಆ ಮಾತಿನ ಸತ್ವಪರೀಕ್ಷೆ ಆಗಿರುವುದು ಶ್ರೀಗಂಧದಲ್ಲೇ.

ರಾಜನ ಮರ, ರೈತನ ತಲೆನೋವು

ಟಿಪ್ಪು ಸುಲ್ತಾನ್ 1792ರಲ್ಲಿ ಗಂಧವನ್ನು ರಾಜವೃಕ್ಷ ಅಂತ ಸಾರಿದ. ಆಮೇಲೆ ಬಂದ ಮೈಸೂರು ಅರಸರೂ ಅದನ್ನೇ ಮುಂದುವರಿಸಿದರು. ಮರ ಯಾರ ಹೊಲದಲ್ಲೇ ಇರಲಿ, ಯಾರ ಹಿತ್ತಲಲ್ಲೇ ಇರಲಿ, ಅದು ಸರ್ಕಾರದ್ದು. ರಾಜರು ಹೋದರು, ಮಂತ್ರಿಗಳು ಬಂದರು; ಈ ಒಂದು ಕಟ್ಟಳೆ ಮಾತ್ರ ಅಲುಗಲಿಲ್ಲ. ಭೂಮಿ ಒಡೆಯನಿಗೆ ಸಿಗುತ್ತಿದ್ದದ್ದು ಮರ ಕೊಟ್ಟದ್ದಕ್ಕೆ ಒಂದಷ್ಟು ‘ಬೋನಸ್’. ಕಾಯುವ ಹೊಣೆ ಮಾತ್ರ ಪೂರ್ತಿ ಅವನದು. ಮರ ಕಳುವಾದರೆ ಮೊದಲ ಪ್ರಶ್ನೆಯೂ ಅವನಿಗೇ.

ಇಂಥ ಮರವನ್ನು ಯಾರು ತಾನೇ ಬೆಳೆಸ್ತಾರೆ ಸ್ವಾಮಿ? ಹೊಲದಲ್ಲಿ ಗಂಧದ ಸಸಿ ಕಂಡರೆ, ಯಾರೂ ನೋಡುವ ಮೊದಲೇ ಕಿತ್ತು ಬಿಸಾಡುತ್ತಿದ್ದರು ನಮ್ಮ ಹಿರಿಯರು. ಊರ ದೇವರಿಗೆ ದಿನಾ ಗಂಧ ಬೇಕು, ಹೊಲದಲ್ಲಿ ಗಂಧದ ಗಿಡ ಬೇಡ. ಇದು ನಮ್ಮ ಜನರ ತಪ್ಪಲ್ಲ, ಕಾನೂನು ಕಲಿಸಿದ ಪಾಠ.

ಸರ್ಕಾರ ಮಾತ್ರ ಗಂಧದಿಂದ ಚೆನ್ನಾಗೇ ಬಾಳಿತು. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಮೈಸೂರು ಗಂಧದ ಕೊರಡು ಹಡಗು ಹತ್ತಿ ಯುರೋಪಿಗೆ ಹೋಗುತ್ತಿತ್ತು. ಜರ್ಮನಿಯಲ್ಲಿ ಎಣ್ಣೆ ತೆಗೆಯುತ್ತಿದ್ದರು. ಯುದ್ಧ ಶುರುವಾಗಿ ಹಡಗು ನಿಂತಿತು, ಮರ ರಾಶಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಡಳಿತದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಎಣ್ಣೆ ನಾವೇ ಯಾಕೆ ತೆಗೆಯಬಾರದು ಎಂಬ ಮಾತು ಬಂತು. ಟಾಟಾ ಇನ್‌ಸ್ಟಿಟ್ಯೂಟಿನ ವಿಜ್ಞಾನಿಗಳಾದ ಸಡ್‌ಬರೋ ಮತ್ತು ವಾಟ್ಸನ್ ನೆರವಾದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಆಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸೋಪಿನ ವಿದ್ಯೆ ಕಲಿತು ಬಂದರು. 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಅಂಗಡಿಗೆ ಬಂತು. ಕಬ್ಬನ್ ಪಾರ್ಕ್ ಬಳಿ ಹುಟ್ಟಿದ ಆ ಸೋಪು ಕಾರ್ಖಾನೆ 1957ರಲ್ಲಿ ನಮ್ಮ ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಸ್ಥಳ ಬದಲಾಯಿಸಿತು. ಆನೆಯ ತಲೆ, ಸಿಂಹದ ಮೈ ಇರುವ ಶರಭದ ಗುರುತು ಇವತ್ತಿಗೂ ಪೊಟ್ಟಣದ ಮೇಲಿದೆ.

ಕಾರ್ಖಾನೆ ಬೆಳೆಯಿತು, ಮರ ಬೆಳೆಯಲಿಲ್ಲ. 1950ರ ದಶಕದಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು 4000 ಟನ್ ಗಂಧದ ಚೇಗು ಸಿಗುತ್ತಿತ್ತು. 2007ರ ಹೊತ್ತಿಗೆ ಅದು 500 ಟನ್ ಆಸುಪಾಸಿಗೆ ಇಳಿದಿತ್ತು ಅನ್ನುತ್ತದೆ ವಿಜ್ಞಾನಿಗಳ ಲೆಕ್ಕ. ಎಲೆ ಕಿರಿದಾಗಿ, ಚಿಗುರು ಕಡ್ಡಿಯಂತೆ ಸೆಟೆದು, ಕೊನೆಗೆ ಮರವೇ ಸಾಯುವ ಸ್ಪೈಕ್ ರೋಗ ಒಂದು ಕಡೆ. ಕಾಡಿನ ಬೆಂಕಿ, ದನ, ಮೇಕೆ ಇನ್ನೊಂದು ಕಡೆ. ಎಲ್ಲಕ್ಕಿಂತ ಹೆಚ್ಚಾಗಿ ಕಳ್ಳಸಾಗಣೆ. 1973ರಲ್ಲಿ ‘ಗಂಧದ ಗುಡಿ’ ಚಿತ್ರದಲ್ಲಿ ಅರಣ್ಯಾಧಿಕಾರಿಯಾಗಿ ಕಾಡುಗಳ್ಳರ ಮೇಲೆ ಬಿದ್ದ ರಾಜ್‌ಕುಮಾರ್ ಅವರನ್ನೇ 2000ದ ಜುಲೈ 30ರಂದು ಗಂಧದ ಕಳ್ಳ ವೀರಪ್ಪನ್ ಗಾಜನೂರಿನಿಂದ ಎತ್ತಿಕೊಂಡು ಹೋದ. 108 ದಿನ ಬೆಂಗಳೂರು ಉಸಿರು ಬಿಗಿಹಿಡಿದು ಕೂತಿತ್ತು. ಅಂಗಡಿ ಬಾಗಿಲು ಹಾಕಿದ್ದನ್ನು, ಬಸ್ಸು ನಿಂತದ್ದನ್ನು ನಮ್ಮ ಓದುಗರು ಮರೆತಿರಲಾರರು. ವೀರಪ್ಪನ್ 2004ರ ಅಕ್ಟೋಬರ್ 18ರಂದು ಸತ್ತ. ಅಷ್ಟು ಹೊತ್ತಿಗೆ ಕಾಡಿನ ದೊಡ್ಡ ಗಂಧವೂ ಬಹುಪಾಲು ಮುಗಿದಿತ್ತು. ಶ್ರೀಗಂಧ ಅಪಾಯದ ಅಂಚಿನಲ್ಲಿದೆ ಅಂತ ಪ್ರಪಂಚದ ವಿಜ್ಞಾನಿಗಳ ಪಟ್ಟಿ 1998ರಲ್ಲೇ ಬರೆದಿಟ್ಟಿತ್ತು.

2001ರಲ್ಲಿ ತೆರೆದ ಬಾಗಿಲು

ಸರ್ಕಾರಕ್ಕೆ ಕೊನೆಗೂ ಬುದ್ಧಿ ಹೊಳೆಯಿತು. ರೈತ ಬೆಳೆಯದೆ ಗಂಧ ಉಳಿಯೋದಿಲ್ಲ, ತನ್ನದಲ್ಲದ್ದನ್ನು ರೈತ ಬೆಳೆಯೋದಿಲ್ಲ. 2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿ ಬಂತು. ಯಾರ ಭೂಮಿಯಲ್ಲಿ ಮರ ಇದೆಯೋ ಮರ ಅವರದೇ. ಇನ್ನೂರು ವರ್ಷದ ಕಟ್ಟಳೆ ಒಂದು ಸಹಿಯಿಂದ ಮುಗಿಯಿತು. ತಮಿಳುನಾಡೂ ಮರುವರ್ಷ ಅದೇ ದಾರಿ ಹಿಡಿಯಿತು.

ಹಾಗಾದರೆ ಅಣ್ಣನ ಹೆದರಿಕೆ ಸುಳ್ಳಾ? ಅರ್ಧ ಸುಳ್ಳು. ಇವತ್ತು ನಿಮ್ಮ ಹೊಲದಲ್ಲಿ ನೀವು ಗಂಧ ನೆಟ್ಟರೆ ಯಾರೂ ಹಿಡ್ಕೊಂಡು ಹೋಗೋದಿಲ್ಲ. ನೆಡೋದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಕಡಿಯೋದಕ್ಕೆ, ಸಾಗಿಸೋದಕ್ಕೆ ಅರಣ್ಯ ಇಲಾಖೆಯ ಪರವಾನಗಿ ಬೇಕೇ ಬೇಕು. ಹುಣಸೆ ಮರ ಕಡಿದ ಹಾಗೆ ಕಡಿದು ಲಾರಿಗೆ ಹೇರಿದರೆ ಅಣ್ಣನ ಮಾತೇ ನಿಜವಾಗುತ್ತೆ.

ಆದ್ದರಿಂದ ತಿಳಿದವರು ಹೇಳುವ ಮೊದಲ ಬುದ್ಧಿಮಾತು: ಸಸಿ ನೆಟ್ಟ ಕೂಡಲೇ ಎಷ್ಟು ಗಿಡ ಅಂತ ಪಹಣಿಯಲ್ಲಿ ಬರೆಸಿಕೊಳ್ಳಿ. ಸಸಿ ಕೊಂಡ ರಸೀದಿ ಜೋಪಾನ ಮಾಡಿ. ನಾಳೆ ಮರ ಕಡಿಯಲು ಅರ್ಜಿ ಹಾಕುವಾಗ, ಕಳುವಾದರೆ ದೂರು ಕೊಡುವಾಗ, ರಸ್ತೆಗೆ ಜಮೀನು ಹೋದರೆ ಪರಿಹಾರ ಕೇಳುವಾಗ, ಆ ಒಂದು ಸಾಲು ಮಾತಾಡುತ್ತೆ. ಹದಿನೈದು ವರ್ಷದ ಮೇಲೆ ಬರುವ ಅಧಿಕಾರಿಗೆ ನಿಮ್ಮ ಬಾಯಿಮಾತು ಸಾಲದು; ಕಾಗದ ಬೇಕು.

ಒಂಟಿ ಬಾಳದ ಮರ

ಇನ್ನು ತಮ್ಮನ ಆಸೆಗೆ ಬರೋಣ. ಗಂಧದ ಮರದ ಒಂದು ಗುಟ್ಟು ಬಹಳ ಜನಕ್ಕೆ ಗೊತ್ತಿಲ್ಲ. ಅದು ಅರೆ ಪರಾವಲಂಬಿ. ಎಲೆ ಹಸಿರಾಗಿದೆ, ಬಿಸಿಲಿನಿಂದ ಅಡುಗೆ ತಾನೇ ಮಾಡಿಕೊಳ್ಳುತ್ತೆ. ಆದರೆ ನೀರು, ಲವಣಕ್ಕೆ ಪಕ್ಕದ ಗಿಡದ ಬೇರಿಗೆ ತನ್ನ ಬೇರನ್ನು ಕಚ್ಚಿಸಿ ಹೀರುತ್ತೆ. ಪಕ್ಕದಲ್ಲಿ ಯಾವ ಗಿಡವೂ ಇಲ್ಲದಿದ್ದರೆ ಸೊರಗುತ್ತೆ. ಒಂದು ಎಕರೆ ಬೋಳು ನೆಲದಲ್ಲಿ ಬರೀ ಗಂಧದ ಸಸಿ ಸಾಲಾಗಿ ನೆಟ್ಟು ಕಳೆ ಕಿತ್ತು ಚೊಕ್ಕಟ ಮಾಡಿಟ್ಟವರು ಕೈ ಸುಟ್ಟುಕೊಂಡದ್ದು ಇದಕ್ಕೇ.

ನರ್ಸರಿಯ ಚೀಲದಲ್ಲೇ ಗಂಧದ ಸಸಿಗೆ ಜೊತೆಗಾರ ಬೇಕು. ಹೊನಗೊನೆ ಸೊಪ್ಪು ಗೊತ್ತಲ್ಲ, ಮನೆಯಲ್ಲಿ ಕಣ್ಣಿಗೆ ಒಳ್ಳೇದು ಅಂತ ಪಲ್ಯ ಮಾಡ್ತಾರೆ. ಅದನ್ನೇ ಚೀಲದಲ್ಲಿ ಜೊತೆಗೆ ಬೆಳೆಸುತ್ತಾರೆ. ತೊಗರಿಯೂ ಆಗುತ್ತೆ. ಹೊಲಕ್ಕೆ ಬಂದ ಮೇಲೆ ಸಸಿಯ ಪಕ್ಕಕ್ಕೆ ತೊಗರಿ, ಎರಡು ಗಂಧದ ನಡುವೆ ಬಹುಕಾಲ ಬಾಳುವ ಹೊಂಗೆ, ಗಾಳಿಮರ, ನೆಲ್ಲಿಯಂಥವು. ಮುನ್ನೂರಕ್ಕೂ ಹೆಚ್ಚು ಜಾತಿಯ ಗಿಡಗಳ ಬೇರಿಗೆ ಗಂಧ ಕಚ್ಚಿಕೊಳ್ಳಬಲ್ಲದು ಅಂತ ಸಂಶೋಧಕರು ಗುರುತು ಮಾಡಿದ್ದಾರೆ.

ಈ ಕೆಲಸಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿ ಮರ ವಿಜ್ಞಾನ ಸಂಸ್ಥೆ ಇದೆ. 1938ರಲ್ಲಿ ಅರಣ್ಯ ಪ್ರಯೋಗಾಲಯವಾಗಿ ಶುರುವಾದ ಜಾಗ, 1977ರಲ್ಲಿ ಗಂಧ ಸಂಶೋಧನಾ ಕೇಂದ್ರವಾಯಿತು, 1988ರಲ್ಲಿ ಈಗಿನ ಸಂಸ್ಥೆಯಾಯಿತು. ಗಂಧ ಬೆಳೆಯುವವರಿಗೆ ಅಲ್ಲಿ ತರಬೇತಿ ನಡೆಯುತ್ತೆ. ಮಲ್ಲೇಶ್ವರಕ್ಕೆ ಹೂವು ಕೊಳ್ಳಲು ಹೋಗುವ ನಮ್ಮವರಲ್ಲಿ ಎಷ್ಟು ಜನ ಆ ಗೇಟಿನ ಒಳಗೆ ಇಣುಕಿದ್ದಾರೆ?

ಗಂಧದ ಈ ಗುಣವನ್ನು ದೋಷ ಅಂದುಕೊಳ್ಳಬೇಡಿ. ಭೂಮಿಗೆ ಇದು ವರ. ಗಂಧ ಬೇಕು ಅಂದರೆ ತೊಗರಿ ಹಾಕಲೇಬೇಕು. ತೊಗರಿ ಗಾಳಿಯ ಸಾರಜನಕವನ್ನು ನೆಲಕ್ಕೆ ಕೊಡುತ್ತೆ, ಮನೆಗೆ ಬೇಳೆ ಕೊಡುತ್ತೆ. ಹೊಂಗೆ ಇಡಲೇಬೇಕು, ಅದರ ಸೊಪ್ಪು ಗೊಬ್ಬರ, ಹೂವಿಗೆ ಜೇನು. ಗಂಧದ ಕಪ್ಪು ಹಣ್ಣಿಗೆ ಕೋಗಿಲೆ, ಪಿಕಳಾರ ಬರುತ್ತವೆ. ಕುಣಿಯಲ್ಲಿ ನೀರು ನಿಂತರೆ ಗಂಧ ಸಾಯುತ್ತೆ, ಆದ್ದರಿಂದ ನೀರು ಬಸಿಯುವ ಕೆಂಪು ನೆಲ, ಕಲ್ಲು ನೆಲವೇ ಸಾಕು; ಕೊಳವೆ ಬಾವಿ ಸಾವಿರ ಅಡಿ ಇಳಿಸಿ ಹೊಲವೆಲ್ಲ ಹಾಯಿಸಬೇಕಾಗಿಲ್ಲ. ಒಂದೇ ಬೆಳೆ ಬಿತ್ತಿ ಒಂದೇ ಬೆಳೆ ಕೊಯ್ಯುವ ದುರಾಸೆಗೆ ಈ ಮರ ಒಗ್ಗೋದಿಲ್ಲ.

ಇದಕ್ಕೆ ಎದುರಾಗಿ ನೀಲಗಿರಿಯನ್ನು ನೆನೆಸಿಕೊಳ್ಳಿ. ಬೆಂಗಳೂರು ಸುತ್ತಿನ ಒಣಭೂಮಿಯಲ್ಲಿ ಎಷ್ಟೋ ವರ್ಷ ಅದೇ ಸೋಮಾರಿ ಬೆಳೆ. ನೆಟ್ಟು ಬಿಟ್ಟರೆ ಸಾಕು, ಕೆಲವು ವರ್ಷಕ್ಕೊಮ್ಮೆ ಲಾರಿ ಬಂದು ಕಡಿದುಕೊಂಡು ಹೋಗುತ್ತೆ. ಅಂತರ್ಜಲ ಪಾತಾಳ ಸೇರಿದ ಮೇಲೆ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಲ್ಲಿಸಿತು. ಬುಡ ಕಿತ್ತ ಹೊಲಕ್ಕೆ ಈಗ ಏನು? ಒಂದೋ ಸೈಟು, ಇಲ್ಲಾ ಗಿಡ. ಮಾಗಡಿ ರಸ್ತೆಯ ಎರಡೂ ಕಡೆ ಈಗ ನಡೀತಿರೋ ಪ್ರಶ್ನೆ ಇದೇ.

ಹದಿನೈದು ವರ್ಷ ಹೊಟ್ಟೆಗೇನು?

ಗಂಧದ ವಾಸನೆ ಎಲೆಯಲ್ಲಿಲ್ಲ, ಹೂವಿನಲ್ಲಿಲ್ಲ, ಹೊರಗಿನ ಬಿಳಿ ಮರದಲ್ಲಿಲ್ಲ. ಒಳಗಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ ಮಾತ್ರ. ಚೇಗು ಕಟ್ಟಲು ಶುರುವಾಗುವುದೇ ಸುಮಾರು ಹತ್ತು ವರ್ಷದ ಮೇಲೆ. ಕೈಗೆ ಕಾಸು ಬರಬೇಕಾದರೆ ಹದಿನೈದು, ಇಪ್ಪತ್ತು ವರ್ಷ. ಇನ್ನೂ ಬಿಟ್ಟರೆ ಇನ್ನೂ ಒಳ್ಳೆಯದು. ಬೇರಿನಲ್ಲೂ ಎಣ್ಣೆ ಇರುವುದರಿಂದ ಗಂಧವನ್ನು ಕಡಿಯುವುದಿಲ್ಲ, ಬುಡಸಮೇತ ಅಗೆದು ತೆಗೆಯುತ್ತಾರೆ. ಒಂದು ಸಲದ ಬೆಳೆ. ಮತ್ತೆ ಚಿಗುರುತ್ತೆ ಅನ್ನೋ ಮಾತಿಲ್ಲ.

ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಹದಿನೈದು ವರ್ಷ ಮಾಲು ತುಂಬಿಟ್ಟು ಒಂದು ದಿನವೂ ಗಲ್ಲಾ ತೆಗೆಯದ ಅಂಗಡಿ ಯಾರು ನಡೆಸ್ತಾರೆ? ಆದ್ದರಿಂದ ಗಂಧದ ನಡುವೆ ವರ್ಷ ವರ್ಷ ಬರುವ ಬೆಳೆ ಇರಬೇಕು. ತೊಗರಿ, ಹುರುಳಿ, ಹುಚ್ಚೆಳ್ಳು ಇದ್ದೇ ಇದೆ. ಸಣ್ಣ ಮದ್ದಿನ ಗಿಡ, ಸುಗಂಧದ ಗಿಡಗಳಿಗೂ ಇಲ್ಲಿ ಜಾಗ ಇದೆ.

ದವನವನ್ನೇ ತೆಗೆದುಕೊಳ್ಳಿ. ಹೂವಿನ ಅಂಗಡಿಯಲ್ಲಿ ಮರುಗದ ಪಕ್ಕದಲ್ಲಿ ಇರುತ್ತೆ. ಚೈತ್ರದ ಹುಣ್ಣಿಮೆಗೆ ಅದರದೇ ಹೆಸರು. ಚಳಿಗಾಲಕ್ಕೆ ಹಾಕಿ ನಾಲ್ಕು ತಿಂಗಳಲ್ಲಿ ಕೊಯ್ಯುವ ಬೆಳೆ. ಹಾರಕ್ಕೆ ಹೋಗುವುದು ಸ್ವಲ್ಪ. ಮಿಕ್ಕಿದ್ದನ್ನು ಆವಿಯಲ್ಲಿ ಬಟ್ಟಿ ಇಳಿಸಿದರೆ ದವನದೆಣ್ಣೆ. ಲೋಕದ ಅತ್ತರು ಮಾರುಕಟ್ಟೆಗೆ ಆ ಎಣ್ಣೆ ಹೋಗುವುದು ಬಹುಪಾಲು ದಕ್ಷಿಣ ಭಾರತದಿಂದಲೇ. ಕೇಳಲು ಚೆನ್ನಾಗಿದೆ. ಆದರೆ ಎಕರೆಗೆ ಸಿಗುವ ಎಣ್ಣೆ ಬೆರಳೆಣಿಕೆಯ ಕಿಲೋ. ಹತ್ತಿರದಲ್ಲಿ ಬಟ್ಟಿ ಇಲ್ಲದಿದ್ದರೆ ಕೊಯ್ದ ದವನ ಬಾಡಿ ಹೋಗುತ್ತೆ. ಹೊರದೇಶದ ಬೇಡಿಕೆ ಕುಸಿದ ವರ್ಷ ಬೆಲೆಯೂ ಕುಸಿಯುತ್ತೆ.

ಲಾವಂಚ ಇನ್ನೊಂದು. ಬೇಸಿಗೆಯಲ್ಲಿ ಕುಡಿಯುವ ನೀರಿನ ಹೂಜಿಗೆ ಹಾಕುವ ಬೇರು. ಅದರ ಬೇರು ನೆಲದೊಳಗೆ ನೆಟ್ಟಗೆ ಇಳಿದು ಮಣ್ಣನ್ನು ಹಿಡಿದು ನಿಲ್ಲಿಸುತ್ತೆ; ಇಳಿಜಾರು ಹೊಲದ ಬದುವಿಗೆ ಇದಕ್ಕಿಂತ ಒಳ್ಳೆ ಹುಲ್ಲು ಇಲ್ಲ. ಆದರೆ ಇಲ್ಲೊಂದು ಎಚ್ಚರ: ಬದುವಿನ ಲಾವಂಚ ಮಣ್ಣು ಕಾಯೋದಕ್ಕೆ, ಹೊಲದೊಳಗಿನ ಲಾವಂಚ ಮಾರೋದಕ್ಕೆ. ಬದುವಿನದನ್ನೂ ಬೇರಿನ ಆಸೆಗೆ ಅಗೆದರೆ ಮಳೆಗೆ ಬದುವೇ ಹೋಗುತ್ತೆ. ಮಜ್ಜಿಗೆ ಹುಲ್ಲು ಇದೆ. ಒಮ್ಮೆ ನೆಟ್ಟರೆ ಕೆಲವು ವರ್ಷ ಕೊಯ್ಯಬಹುದು. ಒಣಭೂಮಿಗೆ ಅಶ್ವಗಂಧ ಇದೆ, ಆರು ತಿಂಗಳ ಬೆಳೆ. ಇವುಗಳಲ್ಲಿ ಯಾವುದು ಯಾವ ನೆಲಕ್ಕೆ ಎಂದು ಹೇಳಲು ಅಲ್ಲಾಳಸಂದ್ರದ ಬಳಿ ಸೀಮ್ಯಾಪ್ ಸಂಸ್ಥೆಯ ಕೇಂದ್ರ ಇದೆ, ಹೆಸರಘಟ್ಟದಲ್ಲಿ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದೆ, ಜಿಕೆವಿಕೆ ಇದೆ.

ಗ್ರಂಧಿಗೆ ಅಂಗಡಿಯವರನ್ನು ಕೇಳಿ ನೋಡಿ. ಬೇರು, ತೊಗಟೆ, ಕಾಯಿ, ಬೀಜ ಅಂತ ನೂರಾರು ಡಬ್ಬ ಇಟ್ಟಿರ್ತಾರೆ. ಇಡೀ ದೇಶದ ಲೆಕ್ಕ ತೆಗೆದಾಗ 2014-15ರಲ್ಲಿ ಒಂದು ವರ್ಷಕ್ಕೆ ಬೇಕಾದ ಗಿಡಮೂಲಿಕೆ ಸುಮಾರು 5,12,000 ಟನ್ ಅಂತ ಅಂದಾಜಾಯಿತು. ವ್ಯಾಪಾರದಲ್ಲಿದ್ದ ಜಾತಿಗಳು 1,178. ಅವುಗಳಲ್ಲಿ ವರ್ಷಕ್ಕೆ 100 ಟನ್‌ಗಿಂತ ಹೆಚ್ಚು ಹೋಗುವವು 242. ಇದರಲ್ಲಿ ಬಹಳಷ್ಟು ಇನ್ನೂ ಕಾಡಿನಿಂದ ಬರುತ್ತೆ. ಬೇರು ಬೇಕಾದರೆ ಗಿಡವೇ ಹೋಯಿತು, ತೊಗಟೆ ಸುಲಿದರೆ ಮರವೇ ಒಣಗಿತು. ಮಾಗಡಿ ರಸ್ತೆಯ ಕೊನೆಗೆ ಸಿಗುವ ಸಾವನದುರ್ಗದ ಕಾಡಿನಲ್ಲಿ ತೊಂಬತ್ತರ ದಶಕದಲ್ಲೇ ಔಷಧಿ ಗಿಡಗಳಿಗಾಗಿ ಒಂದಷ್ಟು ಜಾಗವನ್ನು ಕಾಪಿಟ್ಟರು. ಒಳ್ಳೆಯ ಕೆಲಸ. ಆದರೆ ಕಾಡಿನಲ್ಲಿ ಬೇಲಿ ಹಾಕಿ, ಹೊಲದಲ್ಲಿ ಬೆಳೆಯದೆ ಬಿಟ್ಟರೆ ಅಂಗಡಿಯ ಡಬ್ಬ ತುಂಬುವುದು ಎಲ್ಲಿಂದ?

ಇಲ್ಲಿ ಒಂದು ಕಟ್ಟುನಿಟ್ಟಿನ ಮಾತು. ರಾಗಿ ಮಿಕ್ಕಿದರೆ ಮನೆಯವರು ಉಣ್ಣಬಹುದು, ಅಶ್ವಗಂಧ ಮಿಕ್ಕಿದರೆ ಏನು ಮಾಡ್ತೀರಿ? ಕೊಳ್ಳುವವನನ್ನು ಮೊದಲು ಹುಡುಕಿ, ಆಮೇಲೆ ಬೀಜ ಹುಡುಕಿ. ಒಪ್ಪಂದ ಕಾಗದದಲ್ಲಿರಲಿ. ಬೀಜ ಮಾರುವವನೇ ಬಂದು ‘ಫಸಲು ನಾನೇ ಕೊಳ್ತೀನಿ’ ಅಂದರೆ ಅವನ ಅಂಗಡಿ ಎಲ್ಲಿದೆ, ಎಷ್ಟು ವರ್ಷದಿಂದ ಇದೆ ಅಂತ ವಿಚಾರಿಸಿ. ಮೊದಲ ವರ್ಷ ಗುಂಟೆ ಲೆಕ್ಕದಲ್ಲಿ ಹಾಕಿ ನೋಡಿ, ಎಕರೆ ಲೆಕ್ಕ ಆಮೇಲೆ.

‘ಎಕರೆಗೆ ಕೋಟಿ’ ಕಟ್ಟುಕಥೆ

ಈಚೆಗೆ ಗೋಡೆ ಮೇಲೆ, ಫೋನಿನ ಒಳಗೆ ಒಂದು ಜಾಹೀರಾತು ಓಡಾಡುತ್ತೆ. ‘ಗಂಧ ನೆಡಿ, ಕೋಟ್ಯಧಿಪತಿ ಆಗಿ.’ ನಗರದ ಹೊರಗೆ ಕಾಲೆಕರೆ ತುಂಡು ಮಾಡಿ, ಒಳಗೆ ಒಂದಿಷ್ಟು ಗಂಧದ ಸಸಿ ನೆಟ್ಟು, ಸೈಟಿನ ಬೆಲೆಗೆ ಮಾರುವವರೂ ಇದ್ದಾರೆ. ಅವರ ಲೆಕ್ಕ ಹೀಗಿರುತ್ತೆ: ಹನ್ನೆರಡು ಅಡಿಗೊಂದು ಸಸಿಯಂತೆ ಎಕರೆಗೆ ಸುಮಾರು 300 ಮರ, ಮರಕ್ಕೆ ಇಷ್ಟು ಕಿಲೋ, ಕಿಲೋಗೆ ಇಷ್ಟು ಸಾವಿರ, ಗುಣಿಸಿ!

ಗುಣಾಕಾರ ಸರಿಯೇ ಇದೆ. ಆದರೆ 300 ಸಸಿಯೂ ಬದುಕಬೇಕು. ಬದುಕಿದ್ದಕ್ಕೆಲ್ಲ ಚೇಗು ಕಟ್ಟಬೇಕು. ಗೊಬ್ಬರ, ನೀರು ಉಂಡು ಮರ ದಪ್ಪ ಆದ ಮಾತ್ರಕ್ಕೆ ಒಳಗೆ ಚೇಗು ಬಂದಿದೆ ಅಂತಲ್ಲ. ಒಂದೇ ಹೊಲದಲ್ಲಿ, ಒಂದೇ ದಿನ ನೆಟ್ಟ ಎರಡು ಮರದಲ್ಲಿ ಒಂದರಲ್ಲಿ ಚೇಗು ತುಂಬಿರುತ್ತೆ, ಇನ್ನೊಂದು ಬರೀ ಬಿಳಿ ಸೌದೆ. ಬಿಳಿ ಮರಕ್ಕೆ ಸಿಗುವ ಬೆಲೆ ಬೇರೆ, ಚೇಗಿಗೆ ಸಿಗುವ ಬೆಲೆ ಬೇರೆ. ಇದನ್ನು ಜಾಹೀರಾತಿನವರು ಹೇಳೋದಿಲ್ಲ.

ಆಸ್ಟ್ರೇಲಿಯಾದ ಕತೆ ಕೇಳಿ. ನಮ್ಮ ಮೈಸೂರು ಗಂಧದ ಜಾತಿಯನ್ನೇ ಅಲ್ಲಿಯ ಪಶ್ಚಿಮ ಭಾಗದಲ್ಲಿ, ಆರ್ಡ್ ನದಿಯ ನೀರು ಹರಿಸಿ, ಸಾವಿರಾರು ಹೆಕ್ಟೇರಿನಲ್ಲಿ ಬೆಳೆಸಿದ್ದಾರೆ. ದುಡ್ಡಿಗೆ, ಯಂತ್ರಕ್ಕೆ, ವಿಜ್ಞಾನಿಗಳಿಗೆ ಏನೂ ಕೊರತೆ ಇರಲಿಲ್ಲ. ಆದರೂ ಅಲ್ಲಿಯ ಅತಿ ದೊಡ್ಡ ಗಂಧದ ಕಂಪನಿ 2018ರಲ್ಲಿ ಸಾಲ ತಾಳಲಾರದೆ ಸಾಲಗಾರರು ನೇಮಿಸಿದವರ ಕೈಗೆ ಹೋಯಿತು. ಮರಕ್ಕೆ ಕಾಯುವ ತಾಳ್ಮೆ ಇದೆ, ಬಡ್ಡಿಗೆ ಇಲ್ಲ. ಅಷ್ಟು ದೊಡ್ಡ ಬಂಡವಾಳಕ್ಕೇ ಹೀಗಾದರೆ, ಬ್ಯಾಂಕಿನಲ್ಲಿ ಒಡವೆ ಇಟ್ಟು ಗಂಧ ನೆಡುವ ನಮ್ಮವರ ಗತಿ? ಸಾಲ ಮಾಡಿ ಗಂಧ ನೆಡಬೇಡಿ. ಮಿಕ್ಕ ಜಾಗದಲ್ಲಿ, ಬದುವಿನ ಮೇಲೆ, ಬೇರೆ ಬೆಳೆಯ ನಡುವೆ ನೆಡಿ.

ಕಳ್ಳನಿಗೂ ಲೆಕ್ಕ ಬರುತ್ತೆ

ಈಗ ನಿಜವಾದ ಮುಳ್ಳು. ಬೆಂಗಳೂರಿನ ನಡುಮಧ್ಯೆ, ಕಬ್ಬನ್ ಪಾರ್ಕಿನಲ್ಲಿ, ವಿಜ್ಞಾನ ಮಂದಿರದ ಆವರಣದಲ್ಲಿ ಗಂಧದ ಮರ ರಾತ್ರೋರಾತ್ರಿ ಮಾಯವಾದ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತೆ. ಗೇಟು, ದೀಪ, ಕಾವಲುಗಾರ ಇರುವ ಜಾಗದಲ್ಲೇ ಈ ಪಾಡು. ಹಾಗಿದ್ದ ಮೇಲೆ ಊರಾಚೆ ಒಂಟಿ ಹೊಲದ ರೈತನ ಮರ?

ಕಳ್ಳನಿಗೆ ಚೇಗು ಬಂದಿದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗೋದಿಲ್ಲ. ಆದ್ದರಿಂದ ಮೊದಲು ಕಾಂಡಕ್ಕೆ ತೂತು ಕೊರೆದು ನೋಡ್ತಾನೆ, ಬಂದಿದ್ದರೆ ಇನ್ನೊಂದು ರಾತ್ರಿ ಗರಗಸ ತರ್ತಾನೆ. ಬಂದಿರದಿದ್ದರೂ ಮರಕ್ಕೆ ಗಾಯ. ಹನ್ನೆರಡು ವರ್ಷ ಮಗುವಿನ ಹಾಗೆ ಸಾಕಿದ ಮರ, ಹತ್ತು ನಿಮಿಷದ ಕೆಲಸ. ಬೆಳಿಗ್ಗೆ ರೈತ ಹೋಗಿ ನೋಡಿದರೆ ಮೊಣಕಾಲೆತ್ತರದ ಬುಡ ಮಾತ್ರ. ಠಾಣೆಗೆ ಹೋದರೆ ಅರಣ್ಯ ಇಲಾಖೆಗೆ ಹೋಗಿ ಅಂತಾರೆ, ಅಲ್ಲಿಗೆ ಹೋದರೆ ಠಾಣೆಯಲ್ಲಿ ದೂರು ಕೊಟ್ಟಿರಾ ಅಂತಾರೆ.

ಬೇಲಿ, ನಾಯಿ, ಕ್ಯಾಮೆರಾ, ಸೌರವಿದ್ಯುತ್ ತಂತಿ ಅಂತ ರೈತರು ತಮ್ಮ ಕೈಲಾದದ್ದು ಮಾಡ್ತಿದ್ದಾರೆ. ಮರಕ್ಕೆ ಸಣ್ಣ ಸಾಧನ ಅಳವಡಿಸಿ, ಗರಗಸ ತಾಗಿದರೆ ಒಡೆಯನ ಫೋನಿಗೆ ಸುದ್ದಿ ಹೋಗುವ ಉಪಾಯವನ್ನೂ ಮಲ್ಲೇಶ್ವರದ ಸಂಸ್ಥೆ ಪ್ರಯೋಗ ಮಾಡಿದೆ. ಆದರೆ ಫೋನು ಬಡಿದುಕೊಂಡಾಗ ರಾತ್ರಿ ಎರಡು ಗಂಟೆ. ಒಡೆಯ ಹೊಸಹಳ್ಳಿಯಲ್ಲಿ ಮಲಗಿದ್ದಾನೆ, ಮರ ಮಾಗಡಿಯ ಆಚೆ ಇದೆ. ಓಡೋದು ಯಾರು?

ಇಲ್ಲೂ ಗಂಧದ ಮರವೇ ಪಾಠ ಹೇಳುತ್ತೆ. ಒಂಟಿಯಾಗಿ ಬದುಕದ ಮರವನ್ನು ಒಂಟಿಯಾಗಿ ಕಾಯೋದಕ್ಕೂ ಆಗೋದಿಲ್ಲ. ಊರಿನಲ್ಲಿ ಒಬ್ಬನೇ 300 ಮರ ಹಾಕಿದರೆ ಕಳ್ಳನಿಗೆ ಒಂದೇ ವಿಳಾಸ. ಅಕ್ಕಪಕ್ಕದ ಹತ್ತು ಹೊಲದವರು ಮೂವತ್ತು ಮೂವತ್ತು ಹಾಕಿದರೆ ಹತ್ತು ಮನೆಯ ಕಣ್ಣು. ಕಾವಲಿನ ಖರ್ಚೂ ಹತ್ತು ಪಾಲು. ಹೊಲದಲ್ಲಿ ವರ್ಷವೆಲ್ಲ ತೊಗರಿ, ದವನ, ಹುಲ್ಲಿನ ಕೆಲಸ ನಡೀತಿದ್ದರೆ ದಿನಾ ಆಳು ಓಡಾಡ್ತಾರೆ. ಬೀಗ ಹಾಕಿದ ಬಂಗಲೆ ತೋಟದ ಹಾಗೆ ತಿಂಗಳುಗಟ್ಟಲೆ ಯಾರೂ ಇಣುಕದೆ ಬಿದ್ದಿರೋದಿಲ್ಲ. ನಡುವಿನ ಬೆಳೆ ಬರೀ ಹೊಟ್ಟೆಗಲ್ಲ, ಕಾವಲಿಗೂ ಹೌದು.

ಕೇಳಬೇಕಾದ್ದು ಯಾರನ್ನ?

ಸರ್ಕಾರ 2001ರಲ್ಲಿ ಮರ ನಿನ್ನದು ಅಂತು. ಒಳ್ಳೆಯದೇ ಆಯ್ತು. ಆದರೆ ಕಾಯುವ ಹೊಣೆ ಹಳೇ ಕಾಲದ ಹಾಗೇ ರೈತನ ಹೆಗಲ ಮೇಲೆ ಬಿಟ್ಟಿತು. ರಾಜನ ಮರವಾಗಿದ್ದಾಗ ರಾಜನ ಭಟರಾದರೂ ಇದ್ದರು. ಗಂಧದ ಕಳವಿನ ದೂರನ್ನು ಠಾಣೆ ಮತ್ತು ಅರಣ್ಯ ಕಚೇರಿ ಎರಡೂ ಒಂದೇ ಕಡೆ ತೆಗೆದುಕೊಳ್ಳಲಿ. ಪಹಣಿಯಲ್ಲಿ ಬರೆಸಿದ ಮರ ಕಳುವಾದರೆ ರೈತನಿಗೆ ಒಂದಷ್ಟಾದರೂ ಆಸರೆ ಸಿಗುವ ದಾರಿ ಹುಡುಕಲಿ. ಬಲಿತ ಮರ ಇರುವ ಹೊಲಗಳ ಕಡೆ ರಾತ್ರಿ ಗಸ್ತು ಬರಲಿ. ಕಡಿಯುವ ಪರವಾನಗಿಗೆ ರೈತ ಚಪ್ಪಲಿ ಸವೆಸುವಂತಾಗದಿರಲಿ. ಬಲಿತ ಮರ ಕಚೇರಿಯ ಕಡತಕ್ಕಾಗಿ ಕಾಯುವ ಒಂದೊಂದು ತಿಂಗಳೂ ಕಳ್ಳನಿಗೆ ಸಿಕ್ಕ ತಿಂಗಳು. ಇವು ಕೇಳಬಾರದ ಬೇಡಿಕೆಗಳೇನಲ್ಲ.

ರಾಜಾಜಿನಗರದ ಸೋಪು ಕಾರ್ಖಾನೆ ರೈತರಿಗೆ ಗಂಧ ಬೆಳೆಸುವ ಯೋಜನೆಯನ್ನು ಹಮ್ಮಿಕೊಂಡಿದೆ. ಬದುಕುಳಿದ ಸಸಿಗೆ ಪ್ರೋತ್ಸಾಹಧನ ಕೊಡುವ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದ ಇದೆ. ಯಾವ ಜಾತಿಗೆ ಎಷ್ಟು, ಯಾವಾಗ ಅರ್ಜಿ ಎಂದು ನಿಮ್ಮ ಹೊಲ ಇರುವ ವಲಯದ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಮಳೆಗಾಲಕ್ಕೆ ಮುಂಚೆ ಹೋದರೆ ಸಸಿ ಸಿಗುತ್ತೆ, ಮಳೆ ಬಂದ ಮೇಲೆ ಹೋದರೆ ಖಾಲಿ ಚೀಲ ಸಿಗುತ್ತೆ.

ಅಂಗಡಿಯವರಿಗೂ ಒಂದು ಮಾತು. ಪೂಜೆ ಸಾಮಾನಿನ ಜೊತೆ ‘ಗಂಧದ ಕೊರಡು’ ಅಂತ ಅಗ್ಗದಲ್ಲಿ ಬರುವುದರಲ್ಲಿ ಬಹಳಷ್ಟು ಬೇರೆ ಯಾವುದೋ ಬಿಳಿ ಮರಕ್ಕೆ ಸುಗಂಧ ಹಚ್ಚಿದ ಮಾಲು. ಸಾಣೆಕಲ್ಲಿನ ಮೇಲೆ ನಾಲ್ಕು ದಿನ ತೇಯ್ದರೆ ಬಣ್ಣ ಬಯಲಾಗುತ್ತೆ. ಮೇಲಿನ ವಾಸನೆ ಹೋಗಿ ಸೌದೆ ಉಳಿಯುತ್ತೆ. ಅಸಲಿ ಕೊರಡು ತೇಯ್ದಷ್ಟೂ ಘಮ್ಮೆನ್ನುತ್ತೆ. ರಸೀದಿ ಇಲ್ಲದ ಅಸಲಿ ಕೊರಡು ಅಗ್ಗಕ್ಕೆ ಬಂದರೆ ಇನ್ನೂ ಅಪಾಯ. ಯಾವನೋ ರೈತನ ಹನ್ನೆರಡು ವರ್ಷ ಅದರೊಳಗಿರಬಹುದು. ಕದ್ದ ಮಾಲಿಗೆ ಗಿರಾಕಿ ಇಲ್ಲದಿದ್ದರೆ ಕಳ್ಳನಿಗೆ ಗರಗಸ ಭಾರ.

ಕೊನೆಗೆ ಆ ಅಣ್ಣ ತಮ್ಮಂದಿರ ಪ್ರಶ್ನೆಗೆ ಉತ್ತರ. ಹೌದು, ಗಂಧ ಹಾಕಬಹುದು, ಫಾರೆಸ್ಟಿನವರು ಹಿಡಿಯೋದಿಲ್ಲ. ಆದರೆ ಹೊಲಕ್ಕೆಲ್ಲ ಗಂಧ ಬೇಡ. ಮೂವತ್ತು ಸಸಿ, ಪಕ್ಕಕ್ಕೆ ತೊಗರಿ, ಬದುವಿಗೆ ಹೊಂಗೆ ಮತ್ತು ಲಾವಂಚ, ನಡುವೆ ಮನೆಗೆ ಬೇಕಾದ್ದು, ಪಹಣಿಯಲ್ಲಿ ಒಂದು ಸಾಲು, ಪಕ್ಕದ ಹೊಲದವನ ಜೊತೆ ಒಂದು ಮಾತು. ಇಷ್ಟರಿಂದ ಶುರು ಮಾಡಿ. ಗಂಧ ಕೈಗೆ ಬಂದರೆ ಮಗಳ ಮದುವೆಗೋ ಮಗನ ಓದಿಗೋ ಆಯ್ತು. ಬರದಿದ್ದರೂ ನೆಲ ನೀಲಗಿರಿ ಕಾಲಕ್ಕಿಂತ ತಂಪಾಗಿರುತ್ತೆ, ಬೇಳೆ ಡಬ್ಬ ತುಂಬಿರುತ್ತೆ.